ಹಾಲಿನ ಹತ್ತು ದಿನ

ಆಸ್ಪತ್ರೆಯ ಪಥ್ಯದ ಡಾಕ್ಟರು ಬರೆದುಕೊಟ್ಟ ಚೀಟಿಯಲ್ಲಿ ಮೂರೇ ಸಾಲು. ಮೊದಲ ಮೂರು ದಿನ ಹೆಬ್ಬೆರಳಿನಷ್ಟು ಗಟ್ಟಿ ಚೀಸ್. ಮುಂದಿನ ಮೂರು ದಿನ ಅರ್ಧ ಬಟ್ಟಲು ಮೊಸರು. ಅದು ಒಗ್ಗಿದರೆ ಅರ್ಧ ಲೋಟ ಹಾಲು.

"ಯಾವುದಕ್ಕೆ ಹೊಟ್ಟೆ ಏನಂತು ಅಂತ ಬರೆದಿಡಿ. ಆತುರ ಬೇಡ," ಎಂದರು ಡಾಕ್ಟರು.

ಅವಳು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡಳು. ಬಸ್ಸಿನಲ್ಲಿ ಮನೆಗೆ ಬರುವಷ್ಟರಲ್ಲಿ ಮೂರು ಸಲ ತೆಗೆದು ಓದಿದಳು.

ಕೆಲಸದ ಜಾಗದಲ್ಲಿ ಎಲ್ಲರೂ ಅವಳನ್ನು ಕ್ರೇನಮ್ಮ ಎಂದೇ ಕರೆಯುತ್ತಿದ್ದರು. ಹನ್ನೊಂದು ವರ್ಷದಿಂದ ಅವಳ ಕೆಲಸ ಅದೇ. ಎಪ್ಪತ್ತು ಮೀಟರ್ ಎತ್ತರದ ಗಾಜಿನ ಗೂಡಿನಲ್ಲಿ ಕೂತು, ಎರಡು ಲಿವರ್ ಹಿಡಿದು, ಕಬ್ಬಿಣದ ಸರಳು, ಹಲಗೆ, ಕಾಂಕ್ರೀಟ್ ತುಂಬಿದ ಬಕೆಟ್ಟುಗಳನ್ನು ನೆಲದಿಂದ ಎತ್ತಿ ಬೇಕಾದ ಮಹಡಿಗೆ ಇಳಿಸುವುದು. ಗೂಡಿನಿಂದ ಇಳಿದು ಬರಲು ಹನ್ನೆರಡು ನಿಮಿಷ ಬೇಕು, ಹತ್ತಲು ಇಪ್ಪತ್ತು. ಅವಳು ಇಳಿದರೆ ಕೆಳಗೆ ಮೂವತ್ತು ಜನ ಕೈಕಟ್ಟಿ ನಿಲ್ಲುತ್ತಾರೆ. ಹಾಗಾಗಿ ಆ ಗೂಡಿನಲ್ಲಿ ಕೂರುವವರಿಗೆ ಗಟ್ಟಿ ಕಣ್ಣಿನ ಜೊತೆ ಗಟ್ಟಿ ಹೊಟ್ಟೆಯೂ ಬೇಕು.

ಆ ಹೊಟ್ಟೆಯೇ ಎರಡು ವರ್ಷ ಅವಳಿಗೆ ಕೈಕೊಟ್ಟಿತ್ತು. ಉಂಡದ್ದೆಲ್ಲ ಉಬ್ಬರ, ಮೈ ದಿನದಿನಕ್ಕೆ ಕಡ್ಡಿ. ಸಿಕ್ಕಸಿಕ್ಕವರೆಲ್ಲ ಒಂದೊಂದು ಮದ್ದು ಹೇಳಿದ್ದರು. ಕೊನೆಗೊಮ್ಮೆ ರಕ್ತ ಪರೀಕ್ಷೆ ಮಾಡಿ, ಕರುಳಿನೊಳಕ್ಕೆ ಕೊಳವೆ ಇಳಿಸಿ ನೋಡಿದ ಡಾಕ್ಟರು, ಗೋಧಿ ಇವಳ ಕರುಳನ್ನು ಸವೆಸಿದೆ, ಇನ್ನು ಜೀವಮಾನ ಪೂರ್ತಿ ಗೋಧಿ ಮುಟ್ಟುವಂತಿಲ್ಲ ಎಂದರು. ಕರುಳು ಸವೆದಿರುವಾಗ ಹಾಲಿನ ಸಕ್ಕರೆಯೂ ಜೀರ್ಣವಾಗುವುದಿಲ್ಲ, ಅದು ಚಿಗುರುವ ತನಕ ಹಾಲು, ಮೊಸರು, ಚೀಸೂ ಬೇಡ ಎಂದರು. ಏಳು ತಿಂಗಳು ಅವಳು ಅನ್ನ, ಜೋಳ, ಆಲೂಗಡ್ಡೆ, ಮೊಟ್ಟೆ, ಹಣ್ಣು ಇಷ್ಟರಲ್ಲೇ ಬದುಕಿದಳು. ಹೊಟ್ಟೆ ತಣ್ಣಗಾಯಿತು. ಮೂಳೆ ಮುಚ್ಚುವಷ್ಟು ಮಾಂಸ ಬಂತು. ಈಗ ಹಾಲನ್ನು ಮತ್ತೆ ಒಳಗೆ ಬಿಟ್ಟುಕೊಳ್ಳುವ ಹೊತ್ತು.

"ಏಳು ತಿಂಗಳು ಕಪ್ಪು ಕಾಫಿ ಕುಡಿದು ನಿನ್ನ ಮುಖವೂ ಹಾಗೇ ಆಗಿದೆ," ಎಂದರು ಅತ್ತೆ. "ಬೇಗ ಬೇಗ ಮೂರನೇ ಸಾಲಿಗೆ ಬಾ."

ಚೀಸ್ ಮೂರು ದಿನವೂ ಸದ್ದಿಲ್ಲದೆ ಇಳಿಯಿತು. ಮೊಸರೂ ಹಾಗೆಯೇ. ಆದರೂ ಅವಳಿಗೆ ಸಮಾಧಾನವಿಲ್ಲ. ತಿಂದು ಹತ್ತು ನಿಮಿಷಕ್ಕೆ ಹೊಟ್ಟೆಯ ಮೇಲೆ ಅಂಗೈಯಿಟ್ಟು ಕೇಳುವಳು. ಕೂತಲ್ಲಿಂದ ಏಳುವಳು, ಕಿಟಕಿಯವರೆಗೆ ಹೋಗುವಳು, ಬರುವಳು. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ಬೆಕ್ಕು ಮಜ್ಜಿಗೆಯನ್ನೂ ಊದಿ ಕುಡಿಯಿತಂತೆ. ಇವಳು ಮೊಸರನ್ನು ಚಮಚದಲ್ಲಿ ಹಿಡಿದು ಅದನ್ನೇ ನೋಡುತ್ತ ಕೂತಾಗ ಗಂಡ ಆ ಮಾತು ನೆನಪಿಸಿ ನಕ್ಕ.

ಏಳನೆಯ ದಿನ ಮಂಗಳವಾರ. ಬೆಳಗ್ಗೆ ಆರಕ್ಕೆ ಅಡುಗೆಮನೆಯಲ್ಲಿ ನಿಂತೇ ಅರ್ಧ ಲೋಟ ಹಾಲು ಕುಡಿದಳು. ಅಷ್ಟು ದಿನದ ಮೇಲೆ ನಾಲಿಗೆಗೆ ತಾಗಿದ ಹಾಲು ಎಷ್ಟು ಸಿಹಿ ಅನ್ನಿಸಿತೆಂದರೆ ಲೋಟದ ತಳ ನೆಕ್ಕುವ ಆಸೆಯಾಯಿತು. ಎಂಟಕ್ಕೆ ಗೂಡು ಹತ್ತಿ ಕೂತಳು.

ಕೆಳಗಿನಿಂದ ಅವಳಿಗೆ ದಾರಿ ಹೇಳುವವನನ್ನು ಎಲ್ಲರೂ ಶಿಳ್ಳೆ ಎನ್ನುತ್ತಿದ್ದರು. ರೇಡಿಯೋ ಬರುವ ಮೊದಲು ಬಾಯಲ್ಲಿ ಎರಡು ಬೆರಳಿಟ್ಟು ಶಿಳ್ಳೆ ಹೊಡೆದೇ ಕ್ರೇನು ನಡೆಸಿದವನಂತೆ. ವಯಸ್ಸಿನಲ್ಲಿ ಅವಳಿಗಿಂತ ಎರಡು ವರ್ಷ ದೊಡ್ಡವನಾದರೂ ಅವಳನ್ನು ಅಕ್ಕಾ ಎಂದೇ ಕರೆಯುತ್ತಿದ್ದ. ಮೇಲೆ ಕೂತವರೆಲ್ಲ ದೊಡ್ಡವರೇ ಎನ್ನುವುದು ಅವನ ಲೆಕ್ಕ. ಆರು ವರ್ಷದಿಂದ ಅವಳ ಕಿವಿಯಲ್ಲಿ ಗಂಡನ ದನಿಗಿಂತ ಹೆಚ್ಚು ಕೇಳಿದ್ದು ಅವನ ದನಿಯೇ. ಎಡಕ್ಕೆ, ಇನ್ನೂ ಎಡಕ್ಕೆ, ಇಳ್ಸು, ನಿಧಾನ, ನಿಲ್ಸು.

ಹನ್ನೊಂದು ಗಂಟೆಗೆ ಹದಿನಾಲ್ಕನೇ ಮಹಡಿಗೆ ಕಾಂಕ್ರೀಟ್ ಬಕೆಟ್ ಇಳಿಸುತ್ತಿದ್ದಾಗ ಹೊಟ್ಟೆಯೊಳಗೆ ಏನೋ ಗುಳುಗುಳು ಎಂದಂತಾಯಿತು. ಅವಳ ಗಮನ ಅರೆಗಳಿಗೆ ಅಲ್ಲಿಗೆ ಹೋಯಿತು. ಕಿವಿಯಲ್ಲಿ "ನಿಲ್ಸು" ಎಂದದ್ದು ಕೇಳಿತು. ಲಿವರ್ ಎಳೆದಳು. ಬಕೆಟ್ ನಿಲ್ಲಲಿಲ್ಲ. ಇಳಿಯುತ್ತಲೇ ಹೋಯಿತು. ಒಂದು, ಎರಡು ಎಣಿಸುವಷ್ಟು ಹೊತ್ತು. ಶಿಳ್ಳೆ ಹಿಂದಕ್ಕೆ ನೆಗೆದ. ಅವನು ನಿಂತಿದ್ದ ಹಲಗೆಯ ಮೇಲೆ ಬಕೆಟ್ಟಿನ ಅಂಚು ಬಡಿದು ಹಲಗೆ ಎರಡು ಹೋಳಾಯಿತು. ಆಮೇಲೆ ಬಕೆಟ್ ನಿಂತಿತು.

ರೇಡಿಯೋದಲ್ಲಿ ಏನೂ ಕೇಳಲಿಲ್ಲ. ಅವಳು ಗಾಜಿಗೆ ಹಣೆ ಒತ್ತಿ ಕೆಳಗೆ ನೋಡಿದಳು. ಹಳದಿ ಟೋಪಿ ಅಲುಗಿತು.

"ಏನಾಗಿಲ್ಲ ಅಕ್ಕಾ," ಎಂದ ಶಿಳ್ಳೆ. ಒಂದು ಉಸಿರು ಎಳೆದುಕೊಂಡ. "ಬಕೆಟ್ ಎತ್ತು. ಹಲಗೆ ಬದಲಾಯಿಸ್ತೀನಿ."

ಉಳಿದವರೆಲ್ಲ ಮಹಡಿಯ ಆ ಕಡೆ ಇದ್ದರು. ಯಾರೂ ನೋಡಿರಲಿಲ್ಲ. ಅವನು ಮತ್ತೆ ಆ ಮಾತೆತ್ತಲಿಲ್ಲ, ಅವಳೂ ಎತ್ತಲಿಲ್ಲ. ಅರ್ಧ ಗಂಟೆಯಲ್ಲಿ ಅವಳ ಹೊಟ್ಟೆ ತಿರುಚಿಕೊಂಡಿತು. ಹುಣಸೆಹಣ್ಣು ಕಿವುಚಿದ ಹಾಗೆ ಎನ್ನುತ್ತಾರಲ್ಲ, ಹಾಗೆ. ಇಳಿದು ಶೌಚಾಲಯ ಮುಟ್ಟುವಷ್ಟರಲ್ಲಿ ಸಾಕುಸಾಕಾಯಿತು. ಸಂಜೆ ಮನೆಗೆ ಬಂದು ಚೀಟಿಯ ಮೂರನೆಯ ಸಾಲಿನ ಮುಂದೆ ಬರೆದಳು: ಹಾಲು ಆಗಲ್ಲ.

ಹಾಲು ಬಿಟ್ಟಳು. ಬುಧವಾರವೂ ಹೊಟ್ಟೆ ತಿರುಚಿತು. ನಿನ್ನೆಯ ಹಾಲು ಇನ್ನೂ ಒಳಗಿದೆ ಎಂದುಕೊಂಡಳು. ಗುರುವಾರವೂ ತಿರುಚಿದಾಗ ಮೊಸರಿನ ಮೇಲೆ ಅನುಮಾನ ಬಂತು, ಅದನ್ನೂ ಬಿಟ್ಟಳು. ಆಮೇಲೆ ಚೀಸ್ ಹೋಯಿತು. ಅದರಿಂದಾಚೆಗೆ ಅವಳ ಕಣ್ಣು ಮತ್ತೆ ಗೋಧಿಯ ಕಡೆ ತಿರುಗಿತು. ಎಲ್ಲೋ ಹಿಟ್ಟಿನ ಒಂದು ಕಣ ತನ್ನ ತಟ್ಟೆಗೆ ಬೀಳುತ್ತಿದೆ ಎಂದು ಪಾತ್ರೆಗಳನ್ನು ಎರಡೆರಡು ಸಲ ತೊಳೆದಳು. ಗಂಡ ಬ್ರೆಡ್ ಕತ್ತರಿಸುವ ಚಾಕುವನ್ನು ಬಟ್ಟೆಯಲ್ಲಿ ಸುತ್ತಿ ಬೇರೆ ಕಪಾಟಿನಲ್ಲಿಟ್ಟಳು. ಉಪ್ಪಿನ ಪೊಟ್ಟಣದ ಹಿಂದಿನ ಸಣ್ಣ ಅಕ್ಷರವನ್ನೂ ಕಿಟಕಿಯ ಬೆಳಕಿಗೆ ಹಿಡಿದು ಓದಿದಳು. ಉಪ್ಪಿನಲ್ಲಿ ಉಪ್ಪೇ ಇತ್ತು.

"ನಾಳೆ ನನ್ನ ಕೈಯನ್ನೂ ಸೋಪಲ್ಲಿ ನೆನೆಹಾಕಿ ಇಡು," ಎಂದರು ಅತ್ತೆ. ಅವರು ಕೂತಲ್ಲೇ ಎಲೆ ಹರಡಿಕೊಂಡು ಒಬ್ಬರೇ ಇಸ್ಪೀಟು ಆಡುತ್ತಿದ್ದರು. ನೆರೆಹೊರೆಯ ನಾಲ್ಕು ಜನ ಹೆಂಗಸರ ಜೊತೆ ಶನಿವಾರ ಆಟಕ್ಕೆ ಕೂತರೆ ಅತ್ತೆಯ ಕೈಯಲ್ಲಿ ರಾಜನಿದ್ದಾನೋ ಎರಡರ ಎಲೆ ಇದೆಯೋ ಅವರ ಮುಖ ನೋಡಿ ಯಾರಿಗೂ ತಿಳಿಯುತ್ತಿರಲಿಲ್ಲ.

ಹತ್ತು ದಿನದಲ್ಲಿ ಎರಡೂವರೆ ಕೆಜಿ ಇಳಿದಳು. ಬೆಳಗ್ಗೆ ಐದಕ್ಕೇ ಎಚ್ಚರ. ಎದ್ದು ಮನೆಯುದ್ದಕ್ಕೂ ಓಡಾಟ. ಒಲೆ ಒರೆಸುವಳು, ಒರೆಸಿದ್ದನ್ನೇ ಮತ್ತೆ ಒರೆಸುವಳು, ಬೀದಿಯ ಕಡೆ ಕಿವಿಗೊಟ್ಟು ಮೊದಲ ಬಸ್ಸಿಗೆ ಕಾಯುವಳು. ಬಸ್ ಬಂದರೆ ಹತ್ತಲು ಮನಸ್ಸಿಲ್ಲ.

ಗಂಡನದು ಕನ್ನಡಕದ ಅಂಗಡಿ. ಕತ್ತಲೆ ಕೋಣೆಯಲ್ಲಿ ಜನರ ಮೂಗಿನ ಮೇಲೆ ಭಾರದ ಚೌಕಟ್ಟಿಟ್ಟು ಗಾಜು ಬದಲಾಯಿಸುತ್ತ, "ಇದು ಚೆನ್ನಾಗಿದೆಯಾ, ಇದಾ?" ಎಂದು ದಿನಕ್ಕೆ ಇನ್ನೂರು ಸಲ ಕೇಳುವುದು ಅವನ ಕಸುಬು. ಒಂದು ಶುಕ್ರವಾರ ಸಂಜೆ ಅವಳು ಬೇಯಿಸಿದ ಆಲೂಗಡ್ಡೆಯನ್ನು ತಟ್ಟೆಯಲ್ಲಿ ಆಚೀಚೆ ಉರುಳಿಸುತ್ತ ಕೂತದ್ದನ್ನು ನೋಡಿ ಹೇಳಿದ:

"ನನ್ನ ಹತ್ರ ಬರೋರಲ್ಲಿ ಕೆಲವರು ಇರ್ತಾರೆ. ಗಾಜು ಬದಲಾಯಿಸದೇ ಬರೀ ಟಕ್ ಅಂತ ಸದ್ದು ಮಾಡಿ, 'ಈಗ?' ಅಂದ್ರೆ, 'ಹಾ, ಈಗ ಎಷ್ಟೋ ವಾಸಿ' ಅಂತಾರೆ."

"ಅಂದ್ರೆ? ನಾನು ನಾಟಕ ಮಾಡ್ತಿದೀನಿ ಅಂತಲಾ?"

"ಅವರೂ ನಾಟಕ ಮಾಡಲ್ಲ. ನಿಜವಾಗ್ಲೂ ವಾಸಿ ಕಾಣ್ಸತ್ತೆ ಅವರಿಗೆ. ನಿನಗೆ ನೋವಿರೋದು ಸುಳ್ಳು ಅಂತ ನಾನು ಅಂದಿಲ್ಲ. ಹಾಲಿಂದಾನೇ ಹೌದೋ ಅಲ್ವೋ ನೋಡೋಣ ಅಂತಿದೀನಿ, ಅಷ್ಟೆ."

ಅವನ ಉಪಾಯ ಸರಳವಾಗಿತ್ತು. ಹಾಲಿನ ಸಕ್ಕರೆಯನ್ನು ಒಡೆಯುವ ಹನಿ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಹಾಕಿ ಒಂದು ರಾತ್ರಿ ಇಟ್ಟ ಹಾಲಿನಲ್ಲಿ ಹೊಟ್ಟೆಗೆ ತೊಂದರೆ ಕೊಡುವ ಸಕ್ಕರೆ ಉಳಿಯುವುದಿಲ್ಲ. ಹತ್ತು ದಿನ, ದಿನಕ್ಕೆ ಒಂದು ಲೋಟ. ಐದು ದಿನ ಬರಿ ಹಾಲು, ಐದು ದಿನ ಹನಿ ಹಾಕಿದ್ದು. ಯಾವ ದಿನ ಯಾವುದು ಎಂದು ಅವಳಿಗೆ ಗೊತ್ತಾಗಬಾರದು. ಪಥ್ಯದ ಡಾಕ್ಟರಿಗೆ ಫೋನು ಮಾಡಿದರೆ ಅವರೂ ಹೂಂ ಎಂದರು.

"ನೀನು ಹಾಲು ಕೊಟ್ರೆ ನಿನ್ನ ಮುಖಾನೇ ಹೇಳಿಬಿಡತ್ತೆ," ಎಂದಳು ಅವಳು. "ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಒಂದು ಉಡುಗೊರೇನಾದ್ರೂ ಬಚ್ಚಿಡೋಕಾಯ್ತಾ ನಿನಗೆ?"

"ನಾನು ಕೊಡ್ತೀನಿ," ಎಂದರು ಅತ್ತೆ, ಎಲೆಗಳಿಂದ ಕಣ್ಣೆತ್ತದೆ.

ಅಲ್ಲಿಗೆ ಅತ್ತೆ ಯಜಮಾನಿಯಾದರು. ಐದು ಕೆಂಪು ಎಲೆ, ಐದು ಕಪ್ಪು ಎಲೆ ತೆಗೆದು ಕಲಸಿ ಸಾಲಾಗಿ ಜೋಡಿಸಿ ತಮ್ಮ ದಿಂಬಿನ ಚೀಲದೊಳಗೆ ಇಟ್ಟುಕೊಂಡರು. ಕೆಂಪು ಬಂದ ದಿನ ಬರಿ ಹಾಲು, ಕಪ್ಪು ಬಂದ ದಿನ ಹನಿಯದು. ಹನಿ ಹಾಕಿದ ಹಾಲು ಸ್ವಲ್ಪ ಸಿಹಿಯಾಗುತ್ತದೆಂದು ಮೊದಲ ದಿನವೇ ರುಚಿ ನೋಡಿ ಕಂಡುಹಿಡಿದು, ಬರಿ ಹಾಲಿಗೆ ಅರ್ಧ ಚಮಚ ಸಕ್ಕರೆ ಬೆರೆಸುವುದನ್ನೂ ಅವರೇ ಯೋಚಿಸಿದರು. ಮಗನನ್ನೂ ಅಡುಗೆಮನೆಯಿಂದ ಹೊರಗೆ ಕಳಿಸಿದರು.

ಶನಿವಾರ ಶುರುವಾಯಿತು. ಮೊದಲ ದಿನ ಗೂಡಿನಲ್ಲಿ ಕೂತ ಒಂದು ಗಂಟೆಗೆ ನೋವು. ಗಂಡ ಬರೆದುಕೊಂಡ. ಎರಡನೆಯ ದಿನ ಭಾನುವಾರ, ಏನೂ ಇಲ್ಲ. ಸೋಮವಾರ ನೋವು. ಮಂಗಳವಾರ ನೋವು. ಬುಧವಾರ ನೋವು ಎಷ್ಟೆಂದರೆ ಎರಡು ಸಲ ಇಳಿದಳು. ಎರಡನೆಯ ಸಲ ಇಳಿದಾಗ ಮೇಲ್ವಿಚಾರಕ ಗಡಿಯಾರ ನೋಡಿಕೊಂಡ. ಮೂವತ್ತು ಜನ ಅಲ್ಲಲ್ಲೇ ಕೂತು ಬೀಡಿ ಹಚ್ಚಿದ್ದರು. ಅವಳು ಯಾರ ಮುಖವನ್ನೂ ನೋಡದೆ ಅವರ ನಡುವೆ ಹಾದು ಹೋದಳು.

"ಇವತ್ತು ಕೊಟ್ಟಿದ್ದು ಬರಿ ಹಾಲೇ," ಎಂದಳು ಸಂಜೆ ಅತ್ತೆಯ ಮುಖವನ್ನೇ ನೋಡುತ್ತ. "ನನಗೆ ಗೊತ್ತು. ಖಂಡಿತ ಬರಿ ಹಾಲು."

"ಇರಬಹುದು," ಎಂದರು ಅತ್ತೆ.

"ಇವತ್ತೇ ನಿಲ್ಲಿಸಿಬಿಡೋಣ."

"ಆಟದ ಮಧ್ಯೆ ಎಲೆ ಕೆಳಗಿಡೋರು ಸೋತ ಹಾಗೇನೆ," ಎಂದು ಅತ್ತೆ ಲೋಟ ತೊಳೆಯಲು ಎದ್ದರು.

ಗುರುವಾರ ಹಾಲು ಕುಡಿದು ಬಸ್ಸಿಳಿಯುವಾಗಲೇ ಹೊಟ್ಟೆ ಬಿಗಿಯತೊಡಗಿತ್ತು. ಗೇಟಿನ ಹತ್ತಿರ ಹೋದರೆ, ಗಾಳಿ ಜೋರಾಗಿದೆ, ಇವತ್ತು ಕ್ರೇನು ಓಡಿಸುವಂತಿಲ್ಲ ಎಂದು ಕಾವಲುಗಾರ ಹೇಳಿದ. ವಾಪಸು ಹೊರಟಳು. ದಾರಿಯಲ್ಲಿ ಹಸಿವಾಯಿತು. ಮನೆಗೆ ಬಂದು ಎರಡು ಮೊಟ್ಟೆ ಹುರಿದು ತಿಂದಳು, ಅಟ್ಟದ ಡಬ್ಬಗಳನ್ನೆಲ್ಲ ಕೆಳಗಿಳಿಸಿ ಒರೆಸಿ ಮತ್ತೆ ಮೇಲಿಟ್ಟಳು. ಹೊಟ್ಟೆಯ ನೆನಪೇ ಬರಲಿಲ್ಲ. ಸಂಜೆ ಗಂಡ ಕೇಳಿದಾಗಷ್ಟೇ, "ಓ, ಇವತ್ತು ಏನಿಲ್ಲ," ಎಂದಳು. ಅವನು ಅದನ್ನೂ ಬರೆದುಕೊಂಡ.

ಶುಕ್ರವಾರ ನೋವು, ಶನಿವಾರ ನೋವು, ಭಾನುವಾರ ಇಲ್ಲ, ಸೋಮವಾರ ಮತ್ತೆ ನೋವು. ಹತ್ತು ದಿನ ಮುಗಿಯಿತು.

ಸೋಮವಾರ ಸಂಜೆ ಮೂವರೂ ಅಡುಗೆಮನೆಯ ಮೇಜಿನ ಸುತ್ತ ಕೂತರು. ಗಂಡ ತನ್ನ ಹಾಳೆ ಹರಡಿದ. ಅತ್ತೆ ದಿಂಬಿನ ಚೀಲದಿಂದ ಎಲೆಗಳನ್ನು ತಂದು ಒಂದೊಂದಾಗಿ ದಿನದ ಎದುರು ಇಡುತ್ತ ಹೋದರು. ಅವಳು ಬೆರಳಿನ ಉಗುರು ಕಚ್ಚುತ್ತ ನೋಡುತ್ತಿದ್ದಳು. ಮೊದಲ ದಿನ ಕಪ್ಪು. ಎರಡನೆಯ ದಿನ ಕೆಂಪು. ಬುಧವಾರದ ಎದುರು ಕಪ್ಪು ಎಲೆ ಬಿದ್ದಾಗ ಅವಳು ಕೈ ಚಾಚಿ ಅದನ್ನು ತಿರುಗಿಸಿ ನೋಡಿದಳು, ಹಿಂದೆ ಬೇರೇನಾದರೂ ಇದೆಯೋ ಎಂಬಂತೆ.

ಕೊನೆಯ ಎಲೆಯನ್ನೂ ಇಟ್ಟಾಯಿತು. ನೋವಿಲ್ಲದ ದಿನ ಮೂರು. ಮೂರಕ್ಕೆ ಮೂರೂ ಕೆಂಪು, ಬರಿ ಹಾಲು. ಹನಿ ಹಾಕಿ ಸಕ್ಕರೆ ಒಡೆದ ಐದು ದಿನವೂ ನೋವು.

"ಹಾಲಿನ ಮೇಲೆ ಗೂಬೆ ಕೂರಿಸಿದ್ದು ಸಾಕು," ಎಂದರು ಅತ್ತೆ. "ಪಾಪದ್ದು, ಅದೇನೂ ಮಾಡಿಲ್ಲ."

ಗಂಡ ಕನ್ನಡಕ ತೆಗೆದು ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದ. "ಭಾನುವಾರ, ಗಾಳಿಯ ಗುರುವಾರ, ಭಾನುವಾರ," ಎಂದ. "ಕ್ರೇನು ಹತ್ತದ ದಿನಗಳು ಇವು." ತಲೆಯೆತ್ತಿ ಅವಳನ್ನು ನೋಡಿದ. "ಮೇಲೆ ಏನಾಗಿದೆ?"

"ಏನಾಗತ್ತೆ? ಏನಿಲ್ಲ."

"ಹನ್ನೊಂದು ವರ್ಷದಿಂದ ಹತ್ತುತ್ತಿದೀಯ. ಈಗ ಮೂರು ವಾರದಿಂದ ಹತ್ತಿದ ದಿನವೆಲ್ಲ ಹೊಟ್ಟೆ ಕೆಡ್ತಿದೆ. ಏನಾಗಿದೆ ಅಂತ ಕೇಳ್ದೆ."

ಅವಳು ಎದ್ದಳು. ನಲ್ಲಿ ತಿರುಗಿಸಿ ಖಾಲಿ ಲೋಟ ತೊಳೆದಳು, ನಲ್ಲಿ ನಿಲ್ಲಿಸಿದಳು. ಬೆನ್ನು ತೋರಿಸಿ ನಿಂತೇ ಹೇಳಿದಳು. ಬಕೆಟ್ಟು, ಹಲಗೆ, ಎರಡು ಎಣಿಸುವಷ್ಟು ಹೊತ್ತು. ಹಲಗೆ ಮುರಿದ ಸದ್ದು ಅಷ್ಟು ಎತ್ತರಕ್ಕೆ ಕೇಳಿರಲಾರದು, ಆದರೂ ದಿನಾ ಕೇಳುತ್ತಿದೆ ಎಂದಳು. ಶಿಳ್ಳೆಗೆ ಇಬ್ಬರು ಹೆಣ್ಣುಮಕ್ಕಳು ಎಂದಳು. "ನನ್ನ ಕೈ ತಡ ಮಾಡ್ತು. ಹೊಟ್ಟೆ ಕಡೆ ಗಮನ ಹೋಗಿತ್ತು. ನಾನು ಅವನನ್ನ ಕೊಂದೇಬಿಡ್ತಿದ್ದೆ."

ಗಂಡ ಸಮಾಧಾನ ಹೇಳಲಿಲ್ಲ. ಅವನಿಗೆ ಸಿಟ್ಟು ಬಂದಿತ್ತು. "ಹತ್ತು ದಿನ ನನ್ನ ಕೈಲಿ ಹಾಲಿನ ಲೆಕ್ಕ ಬರೆಸಿದೆಯಲ್ಲ! ಅಮ್ಮನ ಕೈಲಿ ಸಕ್ಕರೆ ಬೆರೆಸಿದೆ. ಒಂದು ಮಾತು ಬಾಯಿಬಿಟ್ಟು ಹೇಳೋಕಾಗ್ಲಿಲ್ವಾ?"

"ನನಗೇ ಗೊತ್ತಿರಲಿಲ್ಲ," ಎಂದಳು. ಅದು ನಿಜವೋ ಸುಳ್ಳೋ ಅವಳಿಗೂ ಆ ಕ್ಷಣ ತಿಳಿಯಲಿಲ್ಲ. "ಹಾಲು ಅಂತಲೇ ಅಂದ್ಕೊಂಡಿದ್ದೆ. ಹಾಲು ಆಗಿದ್ರೆ ಬಿಟ್ಟುಬಿಡಬಹುದಿತ್ತು."

ಅವನು ಹಾಳೆಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದ. ಅತ್ತೆ ಎಲೆಗಳನ್ನು ಒಟ್ಟು ಮಾಡಿ ಕಟ್ಟು ಕಟ್ಟಿದರು.

"ಶಿಳ್ಳೆಯವನು ಏನಂದ?" ಎಂದು ಕೇಳಿದರು.

"ಏನೂ ಅಂದಿಲ್ಲ."

"ಅವನ ಹೊಟ್ಟೆ ಹೇಗಿದೆಯಂತೆ?"

ಅವಳು ತಿರುಗಿ ನೋಡಿದಳು. ಆ ಯೋಚನೆ ಅವಳಿಗೆ ಬಂದೇ ಇರಲಿಲ್ಲ.

ಮರುದಿನ ಅರ್ಧ ಗಂಟೆ ಮುಂಚೆ ಹೋಗಿ ಗೇಟಿನ ಹೊರಗೆ ನಿಂತಳು. ಶಿಳ್ಳೆ ಸೈಕಲ್ ತಳ್ಳಿಕೊಂಡು ಬಂದ. ಅವಳನ್ನು ಕಂಡು ಅವನ ನಡಿಗೆ ನಿಧಾನವಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತಲ್ಲ, ಹಾಗೆ ಕೈ ಅವನ ಜೇಬಿಗೆ ಹೋಯಿತು.

"ಆವತ್ತಿನ ಬಕೆಟ್ ವಿಷಯ," ಎಂದಳು ಅವಳು.

"ಅಕ್ಕಾ, ದಯವಿಟ್ಟು ಮೇಲಿನವರಿಗೆ ಹೇಳಬೇಡ," ಎಂದ ಅವನು ಒಂದೇ ಉಸಿರಿಗೆ. "ತಪ್ಪಾಯ್ತು. ಮೊಬೈಲ್ ನೋಡ್ತಿದ್ದೆ. ಮಗಳ ಪರೀಕ್ಷೆ ಫಲಿತಾಂಶ ಬರೋದಿತ್ತು. ತಲೆ ಎತ್ತಿದಾಗ ಬಕೆಟ್ ಆಗ್ಲೇ ತಲೆ ಮೇಲಿತ್ತು. 'ನಿಲ್ಸು' ಅಂದಿದ್ದೇ ತಡವಾಗಿ."

"ಏನಂದೆ?"

"ಮೂರು ವಾರದಿಂದ ನೀನು ಹೇಳ್ತೀಯ, ಇವತ್ತು ಹೇಳ್ತೀಯ ಅಂತ ಕಾಯ್ತಿದೀನಿ. ನೀನು ಪದೇ ಪದೇ ಇಳಿದು ಬರ್ತಿದ್ರೆ ಆಫೀಸಿಗೆ ಹೋಗ್ತಿದೀಯ ಅಂದ್ಕೊಂಡು ನನ್ನ ಜೀವ ಹೋಗ್ತಿತ್ತು."

"ನಾನು ಶೌಚಾಲಯಕ್ಕೆ ಹೋಗ್ತಿದ್ದೆ! ಹಾಲು ಒಗ್ಗದೆ ಹೊಟ್ಟೆ ಕೆಟ್ಟಿದೆ ಅಂದ್ಕೊಂಡಿದ್ದೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಶಿಳ್ಳೆ ಸೈಕಲ್ಲನ್ನು ಬೇಲಿಗೆ ಒರಗಿಸಿದ. ಅದು ಜಾರಿ ಬಿತ್ತು. ಎತ್ತಿ ನಿಲ್ಲಿಸಿ, ಅದರ ಸೀಟಿನ ಮೇಲೆ ಕೈಯೂರಿ ನಗಲು ಶುರುಮಾಡಿದ. ನಗು ಅಳುವಿನ ಹತ್ತಿರ ಹೋಗಿ ನಿಂತಿತು. ಅವಳಿಗೆ ನಗು ಬರಲಿಲ್ಲ.

"ನೀನು ತಡ ಮಾಡಿದೆ, ಸರಿ," ಎಂದಳು. "ಆದ್ರೆ ನೀನು ಅಂದಮೇಲೂ ಬಕೆಟ್ ಇಳೀತಲ್ಲ? ನಾನು ಲಿವರ್ ಎಳೆದೆ. ಎಳೆದೆ ಅಂತಲೇ ನೆನಪು. ಆದ್ರೂ ಇಳೀತು."

ಶಿಳ್ಳೆ ಮುಖ ಒರೆಸಿಕೊಂಡ. "ಇಳೀತು. ಆಮೇಲೂ ಒಂದೆರಡು ಸಲ ಹಾಗೇ ಅನ್ನಿಸ್ತು. ನೀನು ಹುಷಾರಿಲ್ದೆ ನಿಧಾನ ಮಾಡ್ತಿದೀಯ ಅಂದ್ಕೊಂಡು ನಾನೇ ಮುಂಚೆ 'ನಿಲ್ಸು' ಅನ್ನೋಕೆ ಶುರು ಮಾಡ್ದೆ."

ಅವಳು ಆಫೀಸಿನ ಕಡೆ ತಿರುಗಿದಳು. "ನಡಿ," ಎಂದಳು.

ಮೇಲ್ವಿಚಾರಕ ಮೊದಲು ಬೈದ. ಆಮೇಲೆ ಅವನ ದನಿ ಇಳಿಯಿತು. ಮೂರು ವಾರ ಯಾಕೆ ಸುಮ್ಮನಿದ್ದಿರಿ ಎಂದು ಒಬ್ಬೊಬ್ಬರನ್ನೂ ಎರಡೆರಡು ಸಲ ಕೇಳಿದ. ಕ್ರೇನು ನಿಲ್ಲಿಸಿದ. ಮಧ್ಯಾಹ್ನ ಮೆಕ್ಯಾನಿಕ್ ಬಂದು ಮೇಲೆ ಹತ್ತಿದ. ಎರಡು ಗಂಟೆ ಆದಮೇಲೆ ಇಳಿದು, ಎಣ್ಣೆ ಕೈಯಲ್ಲೇ ಒಂದು ಬಾಗಿದ ತುಂಡನ್ನು ಅವಳ ಅಂಗೈಯಲ್ಲಿಟ್ಟ. ಭಾರ ಎತ್ತುವ ಹಗ್ಗವನ್ನು ಹಿಡಿದು ನಿಲ್ಲಿಸುವ ಬ್ರೇಕಿನ ಪಟ್ಟಿ. ಬೆರಳಿನಷ್ಟು ದಪ್ಪ ಇರಬೇಕಾದದ್ದು ಒಂದು ಬದಿಯಲ್ಲಿ ರಟ್ಟಿನಷ್ಟೇ ಉಳಿದಿತ್ತು.

"ತಪಾಸಣೆ ಪಟ್ಟಿಯಲ್ಲಿ ಸರಿ ಇದೆ ಅಂತ ಟಿಕ್ ಬಿದ್ದಿದೆ," ಎಂದ ಮೆಕ್ಯಾನಿಕ್. "ಯಾರು ಹಾಕಿದ್ರೋ, ನೋಡಿ ಹಾಕಿದ್ರೋ, ನೋಡದೇ ಹಾಕಿದ್ರೋ."

"ಹಾಗಾದ್ರೆ ಆವತ್ತು ಜಾರಿದ್ದು ಇದರಿಂದಲೇನಾ?" ಎಂದು ಕೇಳಿದಳು. "ಎಷ್ಟು ಇದರದ್ದು, ಎಷ್ಟು ನನ್ನ ಕೈದು?"

ಅವನು ಯೋಚಿಸಿದ. "ಬ್ರೇಕ್ ಜಾರಿದೆ, ಅದು ಖರೆ. ನಿಮ್ಮ ಕೈ ಎಷ್ಟು ತಡ ಮಾಡ್ತು ಅನ್ನೋದು ನನ್ನ ಅಳತೆಪಟ್ಟಿಗೆ ಸಿಗಲ್ಲಮ್ಮ."

ಆ ಉತ್ತರವನ್ನೇ ಅವಳು ಮನೆಗೆ ಹೊತ್ತುಕೊಂಡು ಬಂದಳು. ಇಬ್ಬರಿಗೂ ಎಚ್ಚರಿಕೆಯ ಪತ್ರ ಸಿಕ್ಕಿತು. ಹೊಸ ಬ್ರೇಕ್ ಪಟ್ಟಿ ಬರುವ ತನಕ ಮೂರು ದಿನ ಕೆಲಸವಿಲ್ಲ. ಗಂಡ ಪತ್ರ ಓದಿ ಮೇಜಿನ ಮೇಲಿಟ್ಟ.

"ಬ್ರೇಕು ಅಂತ ಗೊತ್ತಾಯ್ತಲ್ಲ, ಇನ್ನೇನು?" ಎಂದ.

"ಪೂರ್ತಿ ಬ್ರೇಕಲ್ಲ."

"ಪೂರ್ತಿ ನೀನೂ ಅಲ್ಲ." ಅವನ ಸಿಟ್ಟು ಇಳಿದಿತ್ತು. ಅವಳ ಎದುರು ಕೂತ. "ನಾಳೆಯಿಂದ ಆ ಕೆಲಸ ಬಿಡು ಅಂತ ಹೇಳೋಣ ಅಂತ ಬಸ್ಸಲ್ಲೆಲ್ಲ ಯೋಚಿಸ್ಕೊಂಡು ಬಂದೆ. ಹೇಳಲ್ಲ. ಆದ್ರೆ ಮೇಲೆ ಏನಾದ್ರೂ ಅದು ಸಂಜೆ ಈ ಮೇಜಿಗೆ ಬರಬೇಕು. ಹೊಟ್ಟೇಲಿ ಇಟ್ಕೋಬೇಡ."

ಅವಳು ಆಗಲಿ ಎಂದಳು. ಮೂರು ದಿನವೂ ಬೆಳಗ್ಗೆ ಒಂದು ಲೋಟ ಹಾಲು ಕುಡಿದಳು, ಮಧ್ಯಾಹ್ನ ಅನ್ನಕ್ಕೆ ಮೊಸರು ಹಾಕಿಕೊಂಡಳು. ಹೊಟ್ಟೆ ಏನೂ ಅನ್ನಲಿಲ್ಲ. ಆದರೆ ಕಾಲು ಒಂದೆಡೆ ನಿಲ್ಲಲಿಲ್ಲ. ಮೂರನೆಯ ದಿನ ಸುಮ್ಮನೆ ನಡೆಯುತ್ತ ಹೋಗಿ, ನೋಡಿದರೆ ಕಟ್ಟಡದ ಬೇಲಿಯ ಹೊರಗೆ ನಿಂತಿದ್ದಳು. ಕ್ರೇನಿನ ಉದ್ದನೆಯ ತೋಳು ಗಾಳಿ ಬೀಸಿದ ಕಡೆಗೆ ತಾನೇ ತಿರುಗುತ್ತಿತ್ತು. ಬಹಳ ಹೊತ್ತು ನೋಡಿ ವಾಪಸು ಬಂದಳು.

ಶನಿವಾರ ಕೆಲಸ ಶುರು. ಮೆಕ್ಯಾನಿಕ್ ಅವಳಿಗಿಂತ ಮುಂಚೆಯೇ ಹತ್ತಿದ್ದ. ಹೊಸ ಬ್ರೇಕನ್ನು ತೂಕದ ಕಲ್ಲು ಕಟ್ಟಿ ಪರೀಕ್ಷಿಸಬೇಕಿತ್ತು. ಅವಳು ಏಣಿ ಹತ್ತತೊಡಗಿದಳು. ಏಣಿಗಳ ನಡುವೆ ನಿಲ್ಲಲು ಇರುವ ಎಂಟನೆಯ ಅಟ್ಟಣೆಗೆ ಬರುವಷ್ಟರಲ್ಲಿ ಹೊಟ್ಟೆ ತಿರುಚಿತು. ಕಂಬಿ ಹಿಡಿದು ಜಾಲರಿಯ ಮೇಲೆ ಕೂತುಬಿಟ್ಟಳು. ಕಾಲ ಕೆಳಗೆ ಜಾಲರಿಯ ಕಿಂಡಿಯಲ್ಲಿ ನೆಲ ಕಾಣುತ್ತಿತ್ತು. ಸಣ್ಣ ಸಣ್ಣ ಹಳದಿ ಟೋಪಿಗಳು.

"ಯಾಕಕ್ಕಾ ಕೂತ್ಬಿಟ್ಟೆ?" ರೇಡಿಯೋದಲ್ಲಿ ಶಿಳ್ಳೆಯ ದನಿ.

"ಹೊಟ್ಟೆ."

"ಹಾಲಾ?"

ಆ ರೇಡಿಯೋ ಎಲ್ಲರಿಗೂ ಕೇಳಿಸುವಂಥದ್ದು. ಮೇಲ್ವಿಚಾರಕನಿಗೆ, ಬಡಗಿಗಳಿಗೆ, ಗೇಟಿನವನಿಗೆ. ಅವಳು ಗುಂಡಿಯ ಮೇಲೆ ಬೆರಳಿಟ್ಟು ಸ್ವಲ್ಪ ತಡೆದಳು.

"ಹಾಲಲ್ಲ. ಹೆದರಿಕೆ," ಎಂದಳು.

ಯಾರೋ ನಗುತ್ತಾರೆ ಎಂದು ಕಾದಳು. ಹದಿನೈದನೇ ಮಹಡಿಯ ಬಡಗಿ, ಅವಳ ಜೊತೆ ಎಂದೂ ಎರಡು ಮಾತಿಗಿಂತ ಹೆಚ್ಚು ಆಡದವನು, ಗಂಟಲು ಸರಿಮಾಡಿಕೊಂಡ. "ನನಗೂ ಬೆಳಗ್ಗೆ ಅಂಚಿನ ಹತ್ರ ಹೋಗೋವಾಗ ದಿನಾ ಆಗತ್ತೆ," ಎಂದ. "ಒಂದು ಹತ್ತು ನಿಮಿಷ ಕೂತ್ರೆ ಹೋಗತ್ತೆ."

"ಕೂತ್ಕೊಳ್ಳಿ," ಎಂದಿತು ಮೇಲ್ವಿಚಾರಕನ ದನಿ. ಅದರಲ್ಲಿ ಸ್ವಲ್ಪ ಅಸಹನೆ ಇತ್ತು. ಆದರೂ ಹೇಳಿದ. "ತೂಕದ ಕಲ್ಲು ಇನ್ನೂ ಬಂದಿಲ್ಲ."

ಅವಳು ಕೂತಳು. ಹತ್ತು ನಿಮಿಷದಲ್ಲಿ ಹೋಗಲಿಲ್ಲ, ಹದಿನೈದಾದರೂ ಹೋಗಲಿಲ್ಲ. ಸ್ವಲ್ಪ ಸಡಿಲವಾಯಿತು, ಅಷ್ಟೆ. ಎದ್ದು, ಕೈಗವಸು ಬಿಗಿ ಮಾಡಿಕೊಂಡು, ಮುಂದಿನ ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟಳು. ಗೂಡಿನ ಬಾಗಿಲಲ್ಲಿ ಮೆಕ್ಯಾನಿಕ್ ಕೈ ಚಾಚಿ ಅವಳನ್ನು ಒಳಗೆಳೆದುಕೊಂಡ. ಅವಳು ಕುರ್ಚಿಯಲ್ಲಿ ಕೂತು, ಬೆಲ್ಟು ಹಾಕಿ, ಎರಡು ಲಿವರ್‌ಗಳ ಮೇಲೆ ಕೈಯಿಟ್ಟಳು. ಆ ಬೆಳಗ್ಗೆ ಅವರು ಒಂದೇ ಕಲ್ಲನ್ನು ನಲವತ್ತು ಸಲ ಎತ್ತಿ, ನಲವತ್ತು ಸಲ ನಡುದಾರಿಯಲ್ಲಿ ನಿಲ್ಲಿಸಿದರು.